ಸ್ಟೇಡಿಯಂ ತುಂಬಿದ ಮಾತ್ರಕ್ಕೆ ಒಳ್ಳೆ ಆಟಗಾರರು ಬರುವುದಿಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಬಗ್ಗೆ ಬರುವ ಪತ್ರಗಳನ್ನೆಲ್ಲ ಓದುತ್ತೇನೆ, ಆದರೆ ಕೆಲವು ಪ್ರಶ್ನೆಗಳು ಪ್ರತಿ ವರ್ಷ ಅದೇ ಮಾತಿನಲ್ಲಿ ಬರುತ್ತವೆ. ಈ ಸಲ ಅಂಥವನ್ನೇ ತೆಗೆದುಕೊಂಡಿದ್ದೇನೆ. ಆಟದ ನಿಯಮಗಳನ್ನು ಇಲ್ಲಿ ಹೇಳಲ್ಲ. ಎರಡು ಪಂದ್ಯ ಪೂರ್ತಿ ನೋಡಿದರೆ ಅವು ತಾವಾಗಿಯೇ ತಲೆಗೆ ಹತ್ತುತ್ತವೆ.

ಈ ವರ್ಷ ಯಾರು ಚಾಂಪಿಯನ್ ಆಗ್ತಾರೆ?

ಗೊತ್ತಿದೆ ಅಂತ ಹೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಕಾಲೇಜು ಹುಡುಗರ ಆಟ ಯಾಕೆ ನೋಡಬೇಕು, ವೃತ್ತಿಪರರ ಲೀಗ್ ಎನ್‌ಎಫ್‌ಎಲ್ ಇದೆಯಲ್ಲ?

ಎನ್‌ಎಫ್‌ಎಲ್ ನೋಡಿ. ಯಾರೂ ಬೇಡ ಅಂದಿಲ್ಲ.

ಮಗಳು ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅಲ್ಲಿನ ಸ್ಟೇಡಿಯಂ ಯಾವಾಗಲೂ ತುಂಬಿರುತ್ತದೆ, ದುಡ್ಡಿದೆ, ಹಳೇ ಹೆಸರಿದೆ. ಆದರೂ ಯಾಕೆ ಗೆಲ್ಲುವುದಿಲ್ಲ? ಪಾಡ್‌ಕಾಸ್ಟ್‌ಗಳಲ್ಲಿ ಎಲ್ಲರೂ ಕೋಚ್ ಸರಿಯಿಲ್ಲ ಅನ್ನುತ್ತಾರೆ. ನಿಜವೇ? (ಮೈಸೂರಿನಿಂದ ಒಬ್ಬ ತಂದೆ)

ಸರ್, ನಿಮ್ಮ ಪ್ರಶ್ನೆ ಒಳ್ಳೆಯದು. ನೀವು ಕೇಳಿಸಿಕೊಂಡ ಉತ್ತರ ಸರಿಯಿಲ್ಲ. ಇಪ್ಪತ್ತು ವರ್ಷದಿಂದ ನೆಬ್ರಾಸ್ಕದಲ್ಲಿ ಇದೇ ಉತ್ತರ ಕೊಟ್ಟುಕೊಂಡು ಕೋಚ್‌ಗಳನ್ನು ಬದಲಾಯಿಸುತ್ತಲೇ ಬಂದಿದ್ದಾರೆ. 2003ರಲ್ಲಿ 9 ಪಂದ್ಯ ಗೆದ್ದ ಫ್ರಾಂಕ್ ಸೋಲಿಚ್‌ರನ್ನು ಕಳಿಸಿದರು. 2014ರಲ್ಲಿ ಬೋ ಪೆಲಿನಿಯನ್ನು ಕಳಿಸಿದರು. ಅವರು ಏಳು ವರ್ಷದಲ್ಲಿ ಒಂದು ಸಲವೂ 9 ಗೆಲುವಿಗಿಂತ ಕೆಳಗೆ ಇಳಿದವರಲ್ಲ. ಆಮೇಲೆ ಏನಾಯಿತು? 2017ರಿಂದ 2023ರವರೆಗೆ ಸತತ ಏಳು ಸೀಸನ್‌ಗಳಲ್ಲಿ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಅವರ ಜಾಗಕ್ಕೆ ಬಂದ ಕೋಚ್‌ಗಳೆಲ್ಲ ದಡ್ಡರೇನಲ್ಲ. ತೊಂದರೆ ಬೇರೆ ಕಡೆ ಇದೆ.

ಡಾಲಸ್ ಹತ್ತಿರದ ಒಂದು ಹೈಸ್ಕೂಲ್ ತಂಡಕ್ಕೆ ನಾನು ಒಂಬತ್ತು ಸೀಸನ್ ವಿಡಿಯೊ ಕೆಲಸ ಮಾಡಿದ್ದೇನೆ. ಶುಕ್ರವಾರ ರಾತ್ರಿ ಪಂದ್ಯ ಶೂಟ್ ಮಾಡಿ, ಪ್ರತಿ ಹುಡುಗನ ಆಟವನ್ನು ಬೇರೆ ಮಾಡಿ, ಕಾಲೇಜು ಕೋಚ್‌ಗಳಿಗೆ ಕಳಿಸುವುದು. ದೊಡ್ಡ ದೊಡ್ಡ ಹೆಸರಿನ ಕೋಚ್‌ಗಳು ಆ ಹುಡುಗರ ಮನೆಗೆ ಬಂದು ಸೋಫಾ ಮೇಲೆ ಕೂತು ಮಾತಾಡುವುದನ್ನು ನೋಡಿದ್ದೇನೆ. ಜಿಮ್ ಹೇಗಿದೆ, ಜರ್ಸಿ ಯಾವ ಬಣ್ಣ, ಎಷ್ಟು ಜನ ಎನ್‌ಎಫ್‌ಎಲ್‌ಗೆ ಹೋಗಿದ್ದಾರೆ, ಎಲ್ಲ ಹೇಳಿ ಮುಗಿದ ಮೇಲೆ ಹುಡುಗನ ಅಮ್ಮ ಅಥವಾ ಅಜ್ಜಿ ಕೇಳುತ್ತಿದ್ದದ್ದು ಒಂದೇ: ಇಲ್ಲಿಂದ ಅಲ್ಲಿಗೆ ಕಾರಿನಲ್ಲಿ ಎಷ್ಟು ಹೊತ್ತು?

ರಿಕ್ರೂಟಿಂಗ್, ಅಂದರೆ ಹೈಸ್ಕೂಲ್ ಹುಡುಗರನ್ನು ಕಾಲೇಜು ತಂಡಕ್ಕೆ ಒಲಿಸುವ ಕೆಲಸ, ಮುಕ್ಕಾಲು ಪಾಲು ಅಷ್ಟೇ. ಒಳ್ಳೆ ಹುಡುಗರು ಬೆಳೆಯುವ ಜಾಗ ನಿಮ್ಮ ಕಾಲೇಜಿನಿಂದ ಎಷ್ಟು ಗಂಟೆ ದೂರ? ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯಾ, ಕ್ಯಾಲಿಫೋರ್ನಿಯಾಗಳಲ್ಲಿ ಆಟಗಾರರು ರಾಶಿ ರಾಶಿ ಸಿಗುತ್ತಾರೆ. ಜಾರ್ಜಿಯಾ ವಿಶ್ವವಿದ್ಯಾಲಯದ ಕೋಚ್ ಅಥೆನ್ಸ್‌ನಿಂದ ಹೊರಟರೆ ಒಂದೂವರೆ ಗಂಟೆಯಲ್ಲಿ ಅಟ್ಲಾಂಟಾ. ಮಧ್ಯಾಹ್ನ ಮೂರು ಶಾಲೆ ನೋಡಿಕೊಂಡು ರಾತ್ರಿ ಊಟಕ್ಕೆ ಮನೆಗೆ ವಾಪಸ್ ಬರಬಹುದು. ನೆಬ್ರಾಸ್ಕ ರಾಜ್ಯದ ಜನಸಂಖ್ಯೆಯೇ 20 ಲಕ್ಷದ ಹತ್ತಿರ, ಅಂದರೆ ನಿಮ್ಮ ಮೈಸೂರು ಜಿಲ್ಲೆಗಿಂತ ಕಡಿಮೆ. ನಿಮ್ಮ ಮಗಳ ಕಾಲೇಜಿರುವ ಲಿಂಕನ್‌ನಿಂದ ಡಾಲಸ್‌ಗೆ ಕಾರಿನಲ್ಲಿ ಹತ್ತಿರ ಹತ್ತಿರ ಹತ್ತು ಗಂಟೆ ಬೇಕು. ಯಾವ ಅಜ್ಜಿ ಪ್ರತಿ ಶನಿವಾರ ಹತ್ತು ಗಂಟೆ ಕಾರಿನಲ್ಲಿ ಕೂರುತ್ತಾರೆ ಹೇಳಿ.

ಕೋಚ್ ಮುಖ್ಯವೋ ನೆಲ ಮುಖ್ಯವೋ ಅಂತ ವಾದ ಮಾಡುವವರಿಗೆ ನಾನು ಲೂಸಿಯಾನ ರಾಜ್ಯದ ವಿಶ್ವವಿದ್ಯಾಲಯ ಎಲ್‌ಎಸ್‌ಯು ತೋರಿಸುತ್ತೇನೆ. ಅಲ್ಲಿ 2003ರಲ್ಲಿ ನಿಕ್ ಸೇಬನ್ ಚಾಂಪಿಯನ್ ಆದರು. ಅವರು ಬಿಟ್ಟು ಹೋದ ಮೇಲೆ ಬಂದ ಲೆಸ್ ಮೈಲ್ಸ್ 2007ರಲ್ಲಿ ಆದರು. ಅವರ ನಂತರ ಬಂದ ಎಡ್ ಓರ್ಜರಾನ್ 2019ರಲ್ಲಿ ಆದರು. ಒಬ್ಬರಾದ ಮೇಲೆ ಒಬ್ಬರಂತೆ ಮೂರು ಕೋಚ್, ಮೂರು ಪ್ರಶಸ್ತಿ. ಸ್ವಭಾವದಲ್ಲಿ, ಆಟದ ರೀತಿಯಲ್ಲಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ. ಬದಲಾಗದೆ ಉಳಿದದ್ದು ಒಂದೇ: ಆ ರಾಜ್ಯದಲ್ಲಿ ಒಳ್ಳೆ ಆಟಗಾರರು ತುಂಬಾ, ದೊಡ್ಡ ಕಾನ್ಫರೆನ್ಸ್‌ನಲ್ಲಿ (ಕಾಲೇಜುಗಳ ಲೀಗ್) ಆಡುವ ಕಾಲೇಜು ಅದೊಂದೇ.

ಹಾಗಿದ್ದರೆ ನೆಬ್ರಾಸ್ಕ 1990ರ ದಶಕದಲ್ಲಿ ಹೇಗೆ ಗೆದ್ದಿತು ಅಂತ ಕೇಳುತ್ತೀರಿ, ಕೇಳಲೇಬೇಕು. ಆಗಿನ ಕೋಚ್ ಟಾಮ್ ಓಸ್ಬಾರ್ನ್ ಅವರ ಕೊನೆಯ ಐದು ವರ್ಷದಲ್ಲಿ 60 ಗೆಲುವು, ಬರೀ 3 ಸೋಲು, 1994, 1995, 1997ರಲ್ಲಿ ಪ್ರಶಸ್ತಿ. ಅವರು ದೂರವನ್ನು ಬೇರೆ ಉಪಾಯಗಳಿಂದ ತುಂಬಿಕೊಂಡರು. ರಾಜ್ಯದ ಹೊಲ ಗದ್ದೆಯ ದೊಡ್ಡ ಮೈಕಟ್ಟಿನ ಹುಡುಗರು ಸ್ಕಾಲರ್‌ಶಿಪ್ ಇಲ್ಲದೆ, ತಾವೇ ಫೀಸು ಕಟ್ಟಿ ತಂಡ ಸೇರುತ್ತಿದ್ದರು. ಇವರಿಗೆ ವಾಕ್‌ಆನ್ ಅನ್ನುತ್ತಾರೆ. ಮೂರು ನಾಲ್ಕು ವರ್ಷ ಜಿಮ್‌ನಲ್ಲಿ ತಯಾರಾಗಿ ಆಮೇಲೆ ಮೈದಾನಕ್ಕಿಳಿಯುತ್ತಿದ್ದರು. ಇವರ ಜೊತೆಗೆ ಹೊರಗಿನಿಂದ ಕೆಲವೇ ವೇಗದ ಹುಡುಗರನ್ನು ತಂದರೆ ಸಾಕಾಗುತ್ತಿತ್ತು. ಮೈದಾನದಲ್ಲಿ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಟಾಮಿ ಫ್ರೇಜಿಯರ್ ಬಂದದ್ದು ಫ್ಲಾರಿಡಾದಿಂದ. ಚೆಂಡು ಎಸೆಯುವುದು ಕಡಿಮೆ, ಹಿಡಿದು ಓಡುವುದು ಜಾಸ್ತಿ. ಆ ಆಟಕ್ಕೆ ಬೇಕಾದ ಹುಡುಗರನ್ನು ಬೇರೆ ದೊಡ್ಡ ಕಾಲೇಜುಗಳು ಅಷ್ಟಾಗಿ ಹುಡುಕುತ್ತಲೂ ಇರಲಿಲ್ಲ.

ಆಮೇಲೆ ಆ ಉಪಾಯಗಳು ಒಂದೊಂದಾಗಿ ಕೈತಪ್ಪಿದವು. ಟಿವಿಯಲ್ಲಿ ಯಾರ ಪಂದ್ಯ ಬರಬೇಕು ಅನ್ನುವುದರ ಮೇಲೆ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಹಿಡಿತವಿತ್ತು. 1984ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿತ್ತು, ಅದರ ಪರಿಣಾಮ ನಿಧಾನವಾಗಿ ಕಂಡಿತು. ಮೊದಲು ಟಿವಿಯಲ್ಲಿ ಬರುತ್ತಿದ್ದ ಕೆಲವೇ ತಂಡಗಳಲ್ಲಿ ನೆಬ್ರಾಸ್ಕ ಒಂದು, ಈಗ ಹೆಚ್ಚುಕಡಿಮೆ ಎಲ್ಲರ ಪಂದ್ಯವೂ ಬರುತ್ತದೆ. ಜಿಮ್ ಎಲ್ಲ ಕಡೆಯೂ ಬಂತು. 2011ರಲ್ಲಿ ನೆಬ್ರಾಸ್ಕ ಬಿಗ್ 12 ಕಾನ್ಫರೆನ್ಸ್ ಬಿಟ್ಟು ಬಿಗ್ ಟೆನ್ ಸೇರಿತು. ದುಡ್ಡಿನ ಲೆಕ್ಕದಲ್ಲಿ ಸರಿಯಾದ ನಿರ್ಧಾರ, ನಾನು ತಪ್ಪು ಅನ್ನಲ್ಲ. ಆದರೆ ಅಲ್ಲಿಯವರೆಗೆ ಟೆಕ್ಸಾಸ್ ಹುಡುಗನಿಗೆ "ಪ್ರತಿ ವರ್ಷ ನಿಮ್ಮ ರಾಜ್ಯಕ್ಕೆ ಆಡಲು ಬರುತ್ತೀವಿ, ನಿಮ್ಮಮ್ಮ ನೋಡಬಹುದು" ಅಂತ ಧೈರ್ಯವಾಗಿ ಹೇಳಬಹುದಿತ್ತು. ಆ ಮಾತು ಹೋಯಿತು. ನಮ್ಮ ಶಾಲೆಗೆ ಬರುತ್ತಿದ್ದ ಕೋಚ್‌ಗಳ ಬಾಯಲ್ಲಿ ಅದರ ವ್ಯತ್ಯಾಸ ನಾನೇ ಕೇಳಿದ್ದೇನೆ.

ಕೊನೆಗೆ 2025ರ ನಿಯಮ. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಕೇಸಿನ ರಾಜಿಯಲ್ಲಿ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು ಅಂತಾಯಿತು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಎಲ್ಲ ಆಟಗಳೂ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ. ಸ್ಕಾಲರ್‌ಶಿಪ್‌ಗಿದ್ದ 85ರ ಮಿತಿ ಹೋಗಿ, ವಾಕ್‌ಆನ್‌ಗಳೂ ಸೇರಿ ಇಡೀ ಫುಟ್‌ಬಾಲ್ ತಂಡಕ್ಕೆ 105 ಜನರ ಮಿತಿ ಬಂತು. ಪತ್ರಿಕೆಗಳಲ್ಲೆಲ್ಲ ದುಡ್ಡಿನ ಸುದ್ದಿಯೇ ಬಂತು. ನನಗೆ ನೋವಾದದ್ದು 105ರ ವಿಷಯಕ್ಕೆ. ವಾಕ್‌ಆನ್‌ಗಳ ಬಲದ ಮೇಲೆ ನಿಂತ ಕಾಲೇಜಿಗೆ ಇದು ದೊಡ್ಡ ಪೆಟ್ಟು. ಮೂರು ವರ್ಷ ಕಾದು ತಯಾರಾಗುವ ರೈತನ ಮಗನಿಗೆ ಈಗ ಕಾಯಲು ಜಾಗವೇ ಇಲ್ಲ.

ಬರೀ ದುಡ್ಡಿನಿಂದ ಆಗಲ್ವಾ ಅಂತ ಇನ್ನೂ ಹಲವರು ಬರೆದಿದ್ದಾರೆ. ಆಗುತ್ತದೆ, ಒಂದು ಮಟ್ಟದವರೆಗೆ. ಆರೆಗನ್ ವಿಶ್ವವಿದ್ಯಾಲಯ ಇರುವ ಯೂಜೀನ್ ಊರಿನ ಸುತ್ತ ಆಟಗಾರರೇ ಇಲ್ಲ. ನೈಕಿ ಕಟ್ಟಿದ ಫಿಲ್ ನೈಟ್ ಅದೇ ಕಾಲೇಜಿನಲ್ಲಿ ಓದಿದವರು, ಅವರ ದುಡ್ಡಿನಿಂದ ಆರೆಗನ್ ದೇಶದ ದೊಡ್ಡ ತಂಡಗಳ ಸಾಲಿಗೆ ಬಂತು. 2011ರ ಜನವರಿಯಲ್ಲಿ, 2015ರ ಜನವರಿಯಲ್ಲಿ ಎರಡು ಫೈನಲ್ ಆಡಿ ಎರಡನ್ನೂ ಸೋತಿತು.

ಈಗ ಇಂಡಿಯಾನ ವಿಶ್ವವಿದ್ಯಾಲಯ. ಸೋಲಿನ ಲೆಕ್ಕದಲ್ಲಿ ಇಡೀ ದೇಶಕ್ಕೆ ಮುಂದಿದ್ದ ತಂಡ ಅದು. ಕೋಚ್ ಆಗಿ ಕರ್ಟ್ ಸಿಗ್ನೆಟಿ ಬಂದು, ತಾವು ಮೊದಲು ಕೋಚ್ ಆಗಿದ್ದ ಜೇಮ್ಸ್ ಮ್ಯಾಡಿಸನ್ ಕಾಲೇಜಿನಿಂದ ಹತ್ತಕ್ಕೂ ಹೆಚ್ಚು ಹುಡುಗರನ್ನು ಕರೆತಂದು, ಮೊದಲ ವರ್ಷವೇ 11 ಪಂದ್ಯ ಗೆದ್ದರು. ಮರುವರ್ಷ ಒಂದೂ ಸೋಲದೆ ಚಾಂಪಿಯನ್ ಆದರು. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಹೈಸ್ಕೂಲ್‌ನಲ್ಲಿದ್ದಾಗ ದೊಡ್ಡ ತಂಡಗಳು ತಿರುಗಿಯೂ ನೋಡಿರಲಿಲ್ಲ, ಮೊದಲು ಯೇಲ್‌ಗೆ ಒಪ್ಪಿಕೊಂಡಿದ್ದ ಹುಡುಗ. ಇದನ್ನು ನೋಡಿ "ಇನ್ನು ರಿಕ್ರೂಟಿಂಗ್ ಮುಗೀತು" ಅನ್ನುವವರು ಹೆಚ್ಚಾಗಿದ್ದಾರೆ. ಸುಮ್ನೆ ಮಾತು. ಆಟಗಾರರು ಕಾಲೇಜು ಬದಲಿಸಲು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ 22ರ ವಯಸ್ಸಿನ, ಎಲ್ಲೋ ಮೂರು ವರ್ಷ ಆಡಿ ಪಳಗಿದ ಹುಡುಗನನ್ನು ತರಬಹುದು. ಅವನಿಗೆ ಅಜ್ಜಿಯ ಕಾರಿನ ಲೆಕ್ಕ ಅಷ್ಟು ಮುಖ್ಯವಲ್ಲ. ಎಷ್ಟು ಆಡಲು ಸಿಗುತ್ತದೆ, ಎಷ್ಟು ದುಡ್ಡು ಅನ್ನುವುದು ಮುಖ್ಯ. ಹಾಗಾಗಿ ದೂರದ ಕಾಲೇಜಿಗೆ ಈಗ ಒಂದು ಬಾಗಿಲು ತೆರೆದಿದೆ. ಆದರೆ ಯಾರನ್ನು ಆರಿಸಬೇಕು ಅನ್ನುವ ಕಣ್ಣು ಎಲ್ಲರಿಗೂ ಇರುವುದಿಲ್ಲ, ತಪ್ಪಾಗಿ ಆರಿಸಿದರೆ ಮರುವರ್ಷ ತಂಡವೇ ಖಾಲಿ. ಇಲ್ಲಿ ಮಾತ್ರ ಕೋಚ್ ಮುಖ್ಯ ಅಂತ ಒಪ್ಪುತ್ತೇನೆ.

ನಿಮ್ಮ ಮಗಳಿಗೆ ಹೇಳಿ: 1962ರಿಂದ ಒಂದು ಟಿಕೆಟ್ ಕೂಡ ಉಳಿಯದಂತೆ ತುಂಬುತ್ತಿರುವ ಸ್ಟೇಡಿಯಂ ಅದು. 2023ರಲ್ಲಿ ಹುಡುಗಿಯರ ವಾಲಿಬಾಲ್ ಪಂದ್ಯಕ್ಕೆ ಅಲ್ಲೇ 92,003 ಜನ ಸೇರಿದ್ದರು. ಗೆಲುವನ್ನು ನಂಬಿ ಬರುವ ಜನ ಅವರಲ್ಲ. ಅವಳು ಅವರ ಜೊತೆ ಕೂತು ನೋಡಲಿ.

ಮಗ 9ನೇ ಕ್ಲಾಸು, ಲೈನ್‌ಬ್ಯಾಕರ್. ಒಂದು ಏಜೆನ್ಸಿ 4,000 ಡಾಲರ್ ಕೊಟ್ಟರೆ ಸ್ಕಾಲರ್‌ಶಿಪ್ ಗ್ಯಾರಂಟಿ ಅನ್ನುತ್ತಿದೆ. ದೊಡ್ಡ ಕಾಲೇಜಿನ ಕ್ಯಾಂಪ್‌ಗೆ ಆಹ್ವಾನವೂ ಬಂದಿದೆ. (ಟೆಕ್ಸಾಸ್‌ನಿಂದ ಒಬ್ಬ ತಾಯಿ)

ಕೊಡಬೇಡಿ ತಾಯಿ. ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ. ಗ್ಯಾರಂಟಿ ಅನ್ನುವ ಪದ ಬಾಯಿಂದ ಬಂದ ತಕ್ಷಣ ಎದ್ದು ಬನ್ನಿ. ನಮ್ಮ ಶಾಲೆಯ ಒಂದು ಮನೆಯವರು ಎರಡು ವರ್ಷ ಹೀಗೆ ದುಡ್ಡು ಕಟ್ಟಿದರು. ಆ ಸಂಸ್ಥೆ ಮಾಡಿದ್ದು ಇಷ್ಟೇ, ನಾನು ಪುಕ್ಕಟೆಯಾಗಿ ಮಾಡಿಕೊಟ್ಟ ವಿಡಿಯೊವನ್ನು ನೂರಾರು ಕಾಲೇಜುಗಳಿಗೆ ಒಂದೇ ಇಮೇಲ್‌ನಲ್ಲಿ ಕಳಿಸಿತು. ಒಂದು ಉತ್ತರವೂ ಬರಲಿಲ್ಲ. ಆ ತಂದೆಯ ಮುಖ ನನಗೆ ಇನ್ನೂ ನೆನಪಿದೆ, ಅದಕ್ಕೇ ಇಷ್ಟು ಕೋಪ.

ಕ್ಯಾಂಪಿನ ಕಾಗದ ಸಾವಿರಾರು ಮನೆಗೆ ಹೋಗಿರುತ್ತದೆ, ಅದು ಫೀಸು ಕಟ್ಟಿ ಬರುವ ಕ್ಯಾಂಪ್. ಕೋಚ್ ಸ್ವತಃ ಫೋನ್ ಮಾಡಿ ಕರೆದರೆ ಬೇರೆ ಮಾತು. ಕಾಲೇಜಿನವರು ನೋಡುವುದು ಪೂರ್ತಿ ಪಂದ್ಯದ ವಿಡಿಯೊ, ಓಟದ ಅಳತೆ, ಹೈಸ್ಕೂಲ್ ಕೋಚ್‌ನ ಮಾತು, ಆಮೇಲೆ ಅಂಕಪಟ್ಟಿ. ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ ಒಂದಕ್ಕೆ 16 ಕೋರ್ ಕೋರ್ಸ್, ಅವುಗಳಲ್ಲಿ ಕನಿಷ್ಠ 2.3 ಜಿಪಿಎ ಬೇಕು. ಅದನ್ನು ಈಗಿನಿಂದಲೇ ನೋಡಿಕೊಳ್ಳಿ. ಬಾಯಿಮಾತಿನ ಆಫರ್‌ಗೆ ಬೆಲೆಯಿಲ್ಲ, ಸಹಿ ಬೀಳುವ ದಿನದವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು.

ಫೈವ್ ಸ್ಟಾರ್ ಅಂದರೆ ಎನ್‌ಎಫ್‌ಎಲ್ ಖಚಿತವೇ?

ಇಲ್ಲ. ಹೈಸ್ಕೂಲ್ ಹುಡುಗರಿಗೆ ರಿಕ್ರೂಟಿಂಗ್ ವೆಬ್‌ಸೈಟ್‌ಗಳು ಕೊಡುವ ಅತಿ ಮೇಲಿನ ದರ್ಜೆ ಅದು. ವರ್ಷಕ್ಕೆ ಮೂವತ್ತು ಚಿಲ್ಲರೆ ಹುಡುಗರಿಗಷ್ಟೇ ಸಿಗುತ್ತದೆ, ಒಬ್ಬೊಬ್ಬರನ್ನೇ ನೋಡಿದರೆ ತಪ್ಪುಗಳು ಕಾಣುತ್ತವೆ, ಗುಂಪಾಗಿ ನೋಡಿದರೆ ಲೆಕ್ಕ ಬಹಳ ಮಟ್ಟಿಗೆ ಸರಿ.

ನಮ್ಮ ಯಜಮಾನರು ಒಹಾಯೊ ಸ್ಟೇಟ್‌ನಲ್ಲಿ ಎಂಎಸ್ ಮಾಡಿದವರು. ತಂಡ ಸೋತರೆ ಎರಡು ದಿನ ಮನೆಯಲ್ಲಿ ಮಾತಿಲ್ಲ, ಕಿವಿಯಲ್ಲಿ ಬರೀ ಪಾಡ್‌ಕಾಸ್ಟ್. ಏನು ಮಾಡಲಿ? (ಬೆಂಗಳೂರಿನಿಂದ)

ಪಂದ್ಯ ಮುಗಿದು 24 ಗಂಟೆಯವರೆಗೆ ಯಾವ ಪಾಡ್‌ಕಾಸ್ಟ್ ಕೂಡ ಬೇಡ ಅಂತ ಹೇಳಿ. ಅಮ್ಮಾ, ಇದು ನಾನೂ ಪಾಲಿಸುವ ನಿಯಮ. ಸೋತ ರಾತ್ರಿ ರೆಕಾರ್ಡ್ ಆಗುವುದರಲ್ಲಿ ಸಿಟ್ಟು ಬಿಟ್ಟು ಬೇರೇನೂ ಇರುವುದಿಲ್ಲ. 2024ರ ನವೆಂಬರ್ 30ರಂದು ಒಹಾಯೊ ಸ್ಟೇಟ್ ತನ್ನ ಮನೆಯಂಗಳದಲ್ಲೇ ಮಿಶಿಗನ್‌ಗೆ 13-10ರಿಂದ ಸೋತಿತು, ಸತತ ನಾಲ್ಕನೇ ಸೋಲು. ಕೋಚ್ ರಯನ್ ಡೇ ಅವರನ್ನು ಅವತ್ತೇ ಓಡಿಸಬೇಕು ಅಂತ ಕೂಗಿದವರು ಎಷ್ಟು ಜನ! ಜನವರಿ 20ಕ್ಕೆ ಅದೇ ಕೋಚ್, ಅದೇ ಹುಡುಗರು ನೋಟ್ರ ಡೇಮ್ ಸೋಲಿಸಿ ಚಾಂಪಿಯನ್ ಆದರು. 51 ದಿನ ಅಷ್ಟೇ.

ಒಂದೇ ತಂಡದ ಪಾಡ್‌ಕಾಸ್ಟ್ ಮಾತ್ರ ಕೇಳುವುದನ್ನು ಬಿಡಿಸಿ. ಅವರ ಸಂಪಾದನೆ ಅಭಿಮಾನಿಯ ಆಸೆ ಮತ್ತು ಸಿಟ್ಟಿನ ಮೇಲೆ ನಿಂತಿದೆ, ಜುಲೈ ತಿಂಗಳಲ್ಲಿ ಅಲ್ಲಿ ಎಲ್ಲ ಹುಡುಗರೂ ಬಲಿಷ್ಠರೇ. ಇಡೀ ದೇಶದ ಆಟ ಹೇಳುವ ಒಂದನ್ನು ಕೇಳಲಿ. 2008ರಿಂದ ನಡೆಯುತ್ತಿರುವ ಸಾಲಿಡ್ ವರ್ಬಲ್ ಇದೆ, ಕೋಚ್‌ಗಳ ನೇಮಕ, ದುಡ್ಡಿನ ಒಳಸುದ್ದಿ ಬೇಕಾದರೆ ಸ್ಪ್ಲಿಟ್ ಝೋನ್ ಡ್ಯುವೊ. ಅದರ ಜೊತೆ ಮುಂದಿನ ವಾರದ ಎದುರಾಳಿ ತಂಡದ ಪಾಡ್‌ಕಾಸ್ಟ್ ಒಂದು. ನಮ್ಮ ತಂಡಕ್ಕೆ ಅವರು ಎಷ್ಟು ಹೆದರಿದ್ದಾರೆ ಅಂತ ಕೇಳಿದರೆ ಮನಸ್ಸು ಎಷ್ಟೋ ಹಗುರವಾಗುತ್ತದೆ. ಬೆಟ್ಟಿಂಗ್ ಆ್ಯಪ್ ಜಾಹೀರಾತು ಓದಿ ಅದೇ ಉಸಿರಿನಲ್ಲಿ "ಈ ವಾರ ಇವರೇ ಗ್ಯಾರಂಟಿ" ಅನ್ನುವವರನ್ನು ಮಾತ್ರ ಫೋನಿನಿಂದಲೇ ತೆಗೆಸಿಬಿಡಿ.

ಅಭಿಮಾನ ಮಿತಿ ಮೀರಿದರೆ ಏನಾಗುತ್ತದೆ ಅನ್ನುವುದನ್ನು ಆಬರ್ನ್ ಊರು ಕಂಡಿದೆ. 2010ರಲ್ಲಿ ಆಬರ್ನ್ ತಂಡದ ಕೈಲಿ ಅಲಬಾಮ ಸೋತದ್ದಕ್ಕೆ ಅಲಬಾಮ ಅಭಿಮಾನಿಯೊಬ್ಬ ಆಬರ್ನ್‌ನ ಟೂಮರ್ಸ್ ಕಾರ್ನರ್‌ನ ಓಕ್ ಮರಗಳಿಗೆ ವಿಷ ಹಾಕಿದ, ಆಮೇಲೆ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ ತಾನೇ ಹೇಳಿಕೊಂಡ. 2013ರಲ್ಲಿ ಆ ಮರಗಳನ್ನು ಕಡಿಯಬೇಕಾಯಿತು. ನಿಮ್ಮವರು ಅಂಥವರಲ್ಲ, ಗೊತ್ತು. ಎರಡು ದಿನದ ಮೌನವನ್ನು ಭಾನುವಾರ ಮಧ್ಯಾಹ್ನದ ಊಟಕ್ಕೆ ಮುಗಿಸಿಕೊಳ್ಳಲು ಹೇಳಿ. ಅಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಶುರುವಾಗುವ ಪಂದ್ಯ ನಮ್ಮಲ್ಲಿ ರಾತ್ರಿ 9:30ಕ್ಕೆ, ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಿಟ್ಟ ಮೇಲೆ 10:30ಕ್ಕೆ. ಒಮ್ಮೆ ನೀವೂ ಪಕ್ಕದಲ್ಲಿ ಕೂತು ನೋಡಿ. ಸೋತಾಗ ಜೊತೆಗೆ ಕೂತವರ ಹತ್ತಿರ ಅವರು ಖಂಡಿತ ಮಾತಾಡುತ್ತಾರೆ.