ಮೊದಲು ನಿಮ್ಮ ಒರಿಜಿನಲ್ಸ್ ವಾಪಸ್ ತನ್ನಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ತಡೆಯಲಾರದ ಸಿಟ್ಟು ಬಂತು. ಬರೆದ ಹುಡುಗಿಯ ಮೇಲೆ ಅಲ್ಲ. ಪಾಸ್‌ಪೋರ್ಟ್ ಮತ್ತು ಇಂಗ್ಲಿಷ್ ಪರೀಕ್ಷೆಯ ಮಾತಿನ ನಡುವೆ ಆಕೆ ಸುಮ್ನೆ ಹೇಳಿ ಮುಂದೆ ಹೋದ ಒಂದು ಸಾಲಿಗೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ವಿಷಯ ಏನು ಅಂತ ಹೇಳುತ್ತೇನೆ.

ಆಕೆ ಹಾವೇರಿ ಜಿಲ್ಲೆಯವರು. ವಯಸ್ಸು 28. ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಐದು ವರ್ಷದಿಂದ ಮಕ್ಕಳ ರಕ್ಷಣೆಯ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದಾರೆ. ಬಾಲ್ಯವಿವಾಹ ತಡೆಯಲು ಹಳ್ಳಿಗಳಿಗೆ ಹೋಗುತ್ತಾರೆ. ಶಾಲೆ ಬಿಟ್ಟ ಮಕ್ಕಳ ಮನೆ ಹುಡುಕುತ್ತಾರೆ. ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಬರೆಯುತ್ತಾರೆ. ಸಂಬಳ 17 ಸಾವಿರ. ಪ್ರಾಜೆಕ್ಟ್ ಹಣ ತಡವಾದರೆ ಎರಡು ಮೂರು ತಿಂಗಳು ಅದೂ ಇಲ್ಲ. ಅಪ್ಪ ತೀರಿಕೊಂಡಿದ್ದಾರೆ. ಅವ್ವ ಅಂಗನವಾಡಿ ಸಹಾಯಕಿ. ಒಬ್ಬ ತಮ್ಮ, ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದಾನೆ. ಜೊತೆಗೆ ಓದಿದ ಗೆಳತಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ಸೋಶಿಯಲ್ ವರ್ಕರ್ ಆಗಿದ್ದಾಳೆ. ನೀನೂ ಬಾ ಅನ್ನುತ್ತಿದ್ದಾಳೆ. ಈಕೆಗೆ ಹೋಗುವ ಆಸೆ ತುಂಬಾ ಇದೆ.

ಅಡ್ಡ ಬಂದಿರುವವರು ಮೂವರು. ಅವ್ವ ಅಳುತ್ತಾರೆ, "ನೀ ಹೋದರ ನನಗ್ಯಾರು?" ದೊಡ್ಡಪ್ಪನ ಮಗ ಒಬ್ಬ ಏಜೆಂಟನ್ನು ಹಿಡಿದುಕೊಂಡು ಬಂದಿದ್ದಾನೆ. ಅವನು ಕೇಳುತ್ತಿರುವುದು 12 ಲಕ್ಷ. ಅದಕ್ಕೆ ಹೊಲ ಮಾರುವ ಮಾತು ನಡೆದಿದೆ. ಮೂರನೆಯವರು ಸಂಸ್ಥೆಯ ಮುಖ್ಯಸ್ಥರು, ಪತ್ರದ ತುಂಬಾ ಇರುವ "ಸರ್". ಅವರು ಹೇಳಿದ್ದು ಇದು: "ಇಲ್ಲಿನ ಬಡ ಮಕ್ಕಳನ್ನು ಬಿಟ್ಟು ದುಡ್ಡಿಗಾಗಿ ಅಲ್ಲಿನವರ ಮಕ್ಕಳನ್ನು ನೋಡ್ಕೊಳ್ಳೋಕೆ ಹೋಗ್ತೀಯಾ? ನಿನ್ನಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ." ಅಂದಿನಿಂದ ಆಕೆಗೆ ನಿದ್ದೆ ಇಲ್ಲ. ಕೊನೆಗೆ ನನ್ನನ್ನು ಕೇಳುತ್ತಾರೆ, "ಅಕ್ಕಾ, ನಾನು ಸ್ವಾರ್ಥಿಯಾ?"

ಅಲ್ಲ ತಂಗಿ. ಆ ಪ್ರಶ್ನೆಯನ್ನು ಇಲ್ಲಿಗೇ ಬಿಡಿ. ಐದು ವರ್ಷ ಊರೂರು ಸುತ್ತಿ, ಬೈಸಿಕೊಂಡು, ಸಂಬಳ ಬರದ ತಿಂಗಳಲ್ಲೂ ಕೆಲಸ ಮಾಡಿದವರು ನೀವು. ಒಳ್ಳೆಯ ಸಂಬಳಕ್ಕೆ, ಮರ್ಯಾದೆ ಇರುವ ಕೆಲಸಕ್ಕೆ ಹೋಗಬೇಕು ಅನ್ನಿಸುವುದರಲ್ಲಿ ಸ್ವಾರ್ಥ ಇಲ್ಲ. ಇದ್ದರೂ ಅಷ್ಟು ಸ್ವಾರ್ಥ ಯಾರಿಗೂ ಇರಬೇಕಾದದ್ದೇ.

ಈಗ ಆ ಸಾಲು. ನೀವು ಬರೆದಿರುವುದು ಹೀಗೆ: "ಎಸ್ಸೆಸ್ಸೆಲ್ಸಿಯಿಂದ ಎಂಎಸ್‌ಡಬ್ಲ್ಯೂವರೆಗಿನ ಒರಿಜಿನಲ್ಸ್ ಸರ್ ಹತ್ತಿರ ಇವೆ, ಸೇರುವಾಗ ಕೊಟ್ಟಿದ್ದೆ, ಅದೇನು ತೊಂದರೆ ಇಲ್ಲ, ಆಮೇಲೆ ಇಸ್ಕೋತೀನಿ."

ತೊಂದರೆ ಇದೆ. ನಿಮ್ಮ ಪತ್ರದಲ್ಲಿ ನನಗೆ ಕಾಣುವ ದೊಡ್ಡ ತೊಂದರೆಯೇ ಇದು.

ಈ ಅಂಕಣ ಓದುವವರಿಗೆ ನನ್ನ ಹಠ ಗೊತ್ತು. ಹೆಣ್ಣುಮಕ್ಕಳ ದಾಖಲೆ ಹೆಣ್ಣುಮಕ್ಕಳ ಬೀರುವಿನಲ್ಲೇ ಇರಬೇಕು. ಗಂಡನ ಬೀರು ಬೇಡ, ಮಾವನ ಬೀರು ಬೇಡ, ಕೆಲಸ ಕೊಟ್ಟವರ ಬೀರು ಅಂತೂ ಬೇಡವೇ ಬೇಡ. ಕೆಲಸಕ್ಕೆ ಸೇರುವಾಗ ಒರಿಜಿನಲ್ಸ್ ತೋರಿಸಬೇಕು, ಜೆರಾಕ್ಸ್ ಕೊಡಬೇಕು, ಒರಿಜಿನಲ್ಸ್ ಮನೆಗೆ ತರಬೇಕು. 2018 ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕಾಲೇಜುಗಳಿಗೇ ಹೇಳಿದೆ, ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳಬೇಡಿ ಅಂತ. ಕಾಲೇಜಿಗೇ ಇಲ್ಲದ ಅಧಿಕಾರ ಒಂದು ಸಂಸ್ಥೆಯ ಮುಖ್ಯಸ್ಥರಿಗೆ ಎಲ್ಲಿಂದ ಬಂತು? ಐದು ವರ್ಷ ಒಬ್ಬ ಕೆಲಸಗಾರ್ತಿಯ ಓದನ್ನೆಲ್ಲ ತಮ್ಮ ಕಪಾಟಿನಲ್ಲಿ ಬೀಗ ಹಾಕಿ ಇಟ್ಟುಕೊಂಡವರು, ಆಕೆ ಹೊರಡುತ್ತೇನೆ ಅಂದ ಕೂಡಲೇ ಬಡ ಮಕ್ಕಳ ಹೆಸರು ಹೇಳಿದರು. ಆ ಮಕ್ಕಳ ಬಗ್ಗೆ ಅವರಿಗೆ ಅಷ್ಟು ಕಾಳಜಿ ಇದ್ದಿದ್ದರೆ ಮಕ್ಕಳ ಮನೆಗೆ ಹೋಗುವವಳ ಸಂಬಳ ತಿಂಗಳಿಗೆ ಸರಿಯಾಗಿ ಬರುವ ಹಾಗೆ ನೋಡಿಕೊಳ್ಳುತ್ತಿದ್ದರು.

ಅವರು ಒಳ್ಳೆಯವರು, ನನಗೆ ಕೆಲಸ ಕಲಿಸಿದವರು ಅಂತ ನೀವು ಎರಡು ಕಡೆ ಬರೆದಿದ್ದೀರಿ. ಇರಬಹುದು. ಒಳ್ಳೆಯವರಾದರೆ ಕೇಳಿದ ದಿನವೇ ಕೊಡುತ್ತಾರೆ, ಅಲ್ವಾ?

ಇದನ್ನೇ ಯಾಕೆ ಇಷ್ಟು ಹಿಡಿದುಕೊಂಡಿದ್ದೇನೆ ಅಂತ ನಿಮಗೆ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ ಸೋಶಿಯಲ್ ವರ್ಕರ್ ಆಗುವ ದಾರಿ ಹೇಗಿದೆ ಅಂತ ನೋಡಿ. ಅಲ್ಲಿ ಹೆಸರು ನೋಂದಾಯಿಸದವರು ತಮ್ಮನ್ನು ಸೋಶಿಯಲ್ ವರ್ಕರ್ ಎಂದು ಕರೆದುಕೊಳ್ಳುವ ಹಾಗಿಲ್ಲ. 2005 ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಈ ನೋಂದಣಿ ನೋಡಿಕೊಳ್ಳುವುದು ಸೋಶಿಯಲ್ ವರ್ಕ್ ಇಂಗ್ಲೆಂಡ್ ಎಂಬ ಸಂಸ್ಥೆ, 2019 ರ ಡಿಸೆಂಬರ್‌ನಿಂದ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ಬೇರೆ ಬೇರೆ ಸಂಸ್ಥೆಗಳಿವೆ. ಹೊರದೇಶದಲ್ಲಿ ಓದಿದವರು ಅರ್ಜಿ ಹಾಕಿದರೆ ಸೋಶಿಯಲ್ ವರ್ಕ್ ಇಂಗ್ಲೆಂಡ್‌ನವರು ನಿಮ್ಮ ಡಿಗ್ರಿ ನೋಡುತ್ತಾರೆ, ಕೋರ್ಸಿನಲ್ಲಿ ಏನೇನು ಕಲಿತಿರಿ ನೋಡುತ್ತಾರೆ, ಫೀಲ್ಡ್ ವರ್ಕ್ ಎಷ್ಟು ಮಾಡಿದಿರಿ ನೋಡುತ್ತಾರೆ, ಆಮೇಲೆ ಎಲ್ಲಿ ಎಂಥ ಕೆಲಸ ಮಾಡಿದಿರಿ ಅಂತಲೂ ನೋಡುತ್ತಾರೆ. ಅಲ್ಲಿನ ವಿದ್ಯಾರ್ಥಿಗಳು ಓದುವಾಗಲೇ 200 ದಿನ ಪ್ರಾಯೋಗಿಕ ತರಬೇತಿ ಮುಗಿಸಿರುತ್ತಾರೆ. ನೀವು ಎಂಎಸ್‌ಡಬ್ಲ್ಯೂ ಮಾಡುವಾಗ ಫೀಲ್ಡ್ ವರ್ಕ್ ಡೈರಿ ಬರೆದು ಸಹಿ ಹಾಕಿಸಿದ್ದೀರಲ್ಲ, ಅದಕ್ಕೂ ಅಲ್ಲಿ ಬೆಲೆ ಇದೆ. ಎಲ್ಲಿದೆ ಹುಡುಕಿಡಿ.

ಈಗ ಲೆಕ್ಕ ಹಾಕಿ. ಡಿಗ್ರಿ ಕಾಗದ ಸರ್ ಹತ್ತಿರ. ಐದು ವರ್ಷದ ಅನುಭವ ಪತ್ರ ಕೊಡಬೇಕಾದವರೂ ಸರ್. ನೀವು ಹೋಗುವುದು ಅವರಿಗೆ ಇಷ್ಟವಿಲ್ಲ. ಅಂದರೆ ನೀವು ಹೋಗಬೇಕೋ ಬೇಡವೋ ಅಂತ ಅವ್ವನ ಜೊತೆ ಎಷ್ಟು ರಾತ್ರಿ ಮಾತಾಡಿದರೂ, ತೀರ್ಮಾನ ಸದ್ಯಕ್ಕೆ ನಿಮ್ಮ ಕೈಯಲ್ಲಿ ಇಲ್ಲ.

ನಿಮ್ಮಂಥವರು ಹೀಗೆ ಸಿಕ್ಕಿಹಾಕಿಕೊಳ್ಳಲು ಇನ್ನೊಂದು ಕಾರಣ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದ ಮೊದಲ ಸೋಶಿಯಲ್ ವರ್ಕ್ ಕಾಲೇಜು ಮುಂಬೈಯಲ್ಲಿ ಶುರುವಾಗಿದ್ದು 1936 ರಲ್ಲಿ. ಮಂಗಳೂರಿನ ರೋಶನಿ ನಿಲಯ ಕಾಲೇಜು 1960 ರಿಂದ ಇದೆ. ಇಷ್ಟು ವರ್ಷವಾದರೂ ವಕೀಲರಿಗೆ, ನರ್ಸ್‌ಗಳಿಗೆ ಇರುವ ಹಾಗೆ ಫೀಲ್ಡಿನಲ್ಲಿ ಕೆಲಸ ಮಾಡುವ ಸೋಶಿಯಲ್ ವರ್ಕರ್‌ಗಳಿಗೆ ಹೆಸರು ನೋಂದಾಯಿಸುವ ಒಂದು ವೃತ್ತಿ ಮಂಡಳಿ ಇಲ್ಲ. ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರನ್ನು 2021 ರ ಒಂದು ಕಾಯ್ದೆ ಸೇರಿಸಿಕೊಂಡಿದೆ. ಹಳ್ಳಿ ಸುತ್ತುವವರು ಹೊರಗೇ ಉಳಿದಿದ್ದಾರೆ. ನಮ್ಮಲ್ಲಿ ಫ್ಲೆಕ್ಸ್ ಹಾಕಿಸಿದವರೆಲ್ಲ ಸಮಾಜ ಸೇವಕರು. ಐದು ವರ್ಷ ಕಾಲೇಜಿನಲ್ಲಿ ಓದಿ ಬಂದವಳು ಸಂಬಳ ಕೇಳಿದರೆ ಮಾತ್ರ ತ್ಯಾಗದ ಪಾಠ ಶುರುವಾಗುತ್ತದೆ. ನಾನು ಇದನ್ನು ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಮಕ್ಕಳ ರಕ್ಷಣೆ ಒಂದು ವೃತ್ತಿ. ಅದಕ್ಕೆ ಓದು ಬೇಕು, ಸಂಬಳ ಬೇಕು, ರಜೆ ಬೇಕು.

ಏಜೆಂಟ್ ವಿಷಯಕ್ಕೆ ಜಾಸ್ತಿ ಮಾತು ಬೇಡ. ಅವನು ನಿಮಗೆ ಹೇಳಿರುವುದು, ಮೊದಲು ಕೇರರ್ ಆಗಿ ಹೋಗಿ, ಒಂದು ವರ್ಷದಲ್ಲಿ ಸೋಶಿಯಲ್ ವರ್ಕರ್ ಆಗಬಹುದು ಅಂತ. ಎರಡೂ ಬೇರೆ ಕೆಲಸ. ಕೇರ್ ವರ್ಕರ್ ಅಂದರೆ ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಎಬ್ಬಿಸುವುದು, ಮಲಗಿಸುವುದು. ಗೌರವದ ಕೆಲಸ, ಕಷ್ಟದ ಕೆಲಸ, ಆದರೆ ನೀವು ಓದಿದ್ದು ಅದಲ್ಲ. ಬ್ರಿಟನ್ 2022 ರ ಫೆಬ್ರವರಿಯಲ್ಲಿ ಕೇರ್ ವರ್ಕರ್‌ಗಳಿಗೆ ವೀಸಾ ಬಾಗಿಲು ತೆರೆಯಿತು. ನಮ್ಮ ದೇಶದಿಂದಲೂ ಬಹಳ ಜನ ಸಾಲ ಮಾಡಿ ಹೋದರು. ಹೋದ ಮೇಲೆ ಕೆಲಸವೇ ಇಲ್ಲ ಅಂತ ಗೊತ್ತಾಗಿ ಅತ್ತವರು ಎಷ್ಟೋ. 2024 ರ ಮಾರ್ಚ್‌ನಿಂದ ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು ಕುಟುಂಬವನ್ನು ಕರೆದೊಯ್ಯುವುದು ನಿಂತಿತು. 2025 ರ ಜುಲೈ 22 ರಿಂದ ಹೊರದೇಶದಿಂದ ಹೊಸ ಕೇರ್ ವರ್ಕರ್‌ಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಅಂದರೆ ಮುಚ್ಚಿದ ಬಾಗಿಲಿಗೆ ಆ ಏಜೆಂಟ್ 12 ಲಕ್ಷ ಕೇಳುತ್ತಿದ್ದಾನೆ.

ಇನ್ನೂ ಒಂದು. ಕೆಲಸ ಹುಡುಕಿಕೊಟ್ಟಿದ್ದಕ್ಕೆ ಕೆಲಸಗಾರರ ಹತ್ತಿರ ದುಡ್ಡು ತೆಗೆದುಕೊಳ್ಳುವುದು ಬ್ರಿಟನ್ ಕಾನೂನಿನ ಪ್ರಕಾರ ತಪ್ಪು. ನಮ್ಮಲ್ಲಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30 ಸಾವಿರ, ಅದರ ಮೇಲೆ ಜಿಎಸ್‌ಟಿ. ನೋಂದಾಯಿತರು ಯಾರು ಅಂತ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪಟ್ಟಿ ಇದೆ. ಹೊಲದ ಮಾತು ಇವತ್ತೇ ನಿಲ್ಲಲಿ. ದೊಡ್ಡಪ್ಪನ ಮಗನಿಗೆ ಥ್ಯಾಂಕ್ಸ್ ಹೇಳಿ ಕಳಿಸಿ.

ನಿಮ್ಮ ಗೆಳತಿ ಹೋದ ದಾರಿ ಬೇರೆ. ಮೊದಲು ನೋಂದಣಿ, ಆಮೇಲೆ ಕೌನ್ಸಿಲ್‌ಗಳಿಗೆ ನೇರವಾಗಿ ಅರ್ಜಿ, ಸಂದರ್ಶನ, ವೀಸಾಕ್ಕೆ ಬೇಕಾದ ಅವರ ಸ್ಪಾನ್ಸರ್‌ಶಿಪ್ ಪತ್ರ, ಆಮೇಲೆ ವೀಸಾ. ಸೋಶಿಯಲ್ ವರ್ಕರ್‌ಗಳ ಕೊರತೆ ಇರುವ ಕೌನ್ಸಿಲ್‌ಗಳು ಜಿಂಬಾಬ್ವೆ, ದಕ್ಷಿಣ ಆಫ್ರಿಕಾ, ಭಾರತದಿಂದ ಜನರನ್ನು ಕರೆಸಿಕೊಂಡಿವೆ. ಕೆಲಸ ಹಗುರ ಅಂತ ಮಾತ್ರ ತಿಳಿಯಬೇಡಿ. ಅಲ್ಲಿ ಎಲ್ಲ ನಡೆಯುವುದು 1989 ರ ಮಕ್ಕಳ ಕಾಯ್ದೆಯ ಮೇಲೆ. ಮಗುವಿಗೆ ತೀವ್ರ ಹಾನಿ ಆಗುತ್ತಿದೆ ಎಂಬ ಅನುಮಾನ ಬಂದರೆ ಆ ಕಾಯ್ದೆಯ 47 ನೇ ಸೆಕ್ಷನ್ ಪ್ರಕಾರ ಕೌನ್ಸಿಲ್ ವಿಚಾರಣೆ ಮಾಡಲೇಬೇಕು. ಬಾಗಿಲು ತಟ್ಟುವವರು ನೀವು. ಅಗತ್ಯ ಬಿದ್ದರೆ ಮಗುವನ್ನು ಮನೆಯಿಂದ ಬೇರೆ ಮಾಡಲು ಕೋರ್ಟಿಗೆ ವರದಿ ಬರೆಯುವವರೂ ನೀವು. ತಾಯಂದಿರು ನಿಮ್ಮನ್ನು ನೋಡಿ ಹೆದರುತ್ತಾರೆ, ಕೂಗಾಡುತ್ತಾರೆ. ದಿನದ ಅರ್ಧ ಕಂಪ್ಯೂಟರ್ ಮುಂದೆ ಬರೆಯುವುದರಲ್ಲೇ ಹೋಗುತ್ತದೆ. ಮಳೆ, ಕತ್ತಲು, ಗೊತ್ತಿಲ್ಲದ ಬೀದಿ. ಕಾರು ಓಡಿಸಲು ಬರಬೇಕು ಅಂತ ಬಹಳ ಕಡೆ ಕೇಳುತ್ತಾರೆ. ಹೋಗುವ ಮೊದಲು ಇಲ್ಲೇ ಕಲಿಯಿರಿ.

ಆದರೆ ನಿಮ್ಮ ಪತ್ರದಲ್ಲಿ ನೀವು ಹೆಮ್ಮೆಯಿಂದ ಹೇಳಿಕೊಳ್ಳಬೇಕಾಗಿದ್ದ ವಿಷಯವೊಂದಿದೆ. ಹದಿನಾಲ್ಕು ವರ್ಷದ ಹುಡುಗಿಯ ಮದುವೆ ನಿಲ್ಲಿಸಲು ಚಪ್ಪರದ ಕೆಳಗೆ ನಿಂತಿದ್ದಿರಿ, ಇಡೀ ಮನೆಯವರು ಮೈಮೇಲೆ ಬಂದರು, ಆದರೂ ಆ ಹುಡುಗಿಯನ್ನು ಬಿಟ್ಟು ಬರಲಿಲ್ಲ. ಮಾರನೇ ದಿನ ವರದಿ ಬರೆದು ಸಮಿತಿಗೆ ಕೊಟ್ಟಿರಿ. ಮನೆಯವರು ಶತ್ರು ಅಂದುಕೊಂಡಾಗಲೂ ಮಗುವಿನ ಪಕ್ಕ ನಿಲ್ಲುವುದು, ಆಮೇಲೆ ಕೂತು ನಡೆದದ್ದನ್ನು ನಡೆದ ಹಾಗೆ ಬರೆಯುವುದು, ಅಲ್ಲಿ ಬೇಕಾಗಿರುವುದೂ ಇದೇ. ಕಾನೂನು ಹೊಸದು, ಉಚ್ಚಾರ ಹೊಸದು. ಅದನ್ನು ಕಲಿಯಬಹುದು. ಸಂದರ್ಶನದಲ್ಲಿ ಈ ಘಟನೆ ಹೇಳಿ.

ಅವ್ವನ ಬಗ್ಗೆ ನನಗೆ ಸಂಕಟ ಇದೆ. ಗಂಡ ಇಲ್ಲದ ಮನೆಯಲ್ಲಿ ಮಗಳನ್ನೇ ನೆಚ್ಚಿಕೊಂಡ ಜೀವ. ಅವರ ಅಳುವಿಗೆ ಉತ್ತರ ಕೊಡಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಆದರೆ "ನನಗ್ಯಾರು" ಅಂತ ಅವ್ವ ಕೇಳುವಾಗ ನಿಮ್ಮ ತಮ್ಮ ಅದೇ ಮನೆಯಲ್ಲಿ ಇದ್ದಾನಲ್ಲ. ಆ ಪ್ರಶ್ನೆಯನ್ನು ಅವನೂ ಕೇಳಿಸಿಕೊಳ್ಳಲಿ. ಅವ್ವನನ್ನು ನೋಡಿಕೊಳ್ಳುವುದು ಅವನ ಪಾಲಿಗೂ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ನಿಮಗೆ ನಾನು ಕೊಡುವ ಕೆಲಸ ಒಂದೇ. ಬರುವ ಸೋಮವಾರ ಆಫೀಸಿಗೆ ಹೋಗಿ ಒರಿಜಿನಲ್ಸ್ ಕೇಳಿ. ಬಾಯಲ್ಲಿ ಮಾತ್ರ ಬೇಡ. ಒಂದು ಕಾಗದ ಬರೆಯಿರಿ: ಯಾವ ಯಾವ ಮಾರ್ಕ್ಸ್ ಕಾರ್ಡ್, ಯಾವ ತಿಂಗಳು ಕೊಟ್ಟಿದ್ದು, ಯಾವ ದಿನದೊಳಗೆ ವಾಪಸ್ ಬೇಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಸಹಿ ಹಾಕಿಸಿಕೊಂಡು ಬನ್ನಿ. ಸಹಿ ಹಾಕದಿದ್ದರೆ ಅದೇ ಕಾಗದವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಇಂಗ್ಲೆಂಡಿನ ಮಾತು ಎತ್ತಬೇಡಿ, ಕ್ಷಮೆ ಕೇಳಬೇಡಿ, ಕಾರಣ ಹೇಳಬೇಡಿ. ನಿಮ್ಮ ವಸ್ತು ನೀವು ಕೇಳುತ್ತಿದ್ದೀರಿ. ಒಬ್ಬರೇ ಹೋಗಬೇಡಿ, ತಮ್ಮನನ್ನು ಕರೆದುಕೊಂಡು ಹೋಗಿ.

ಕೊಡದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ವಕೀಲರ ಸಹಾಯ ಉಚಿತ. ಇದು ನಾನು ಹೇಳಿ ನಿಮಗೆ ಗೊತ್ತಾಗಬೇಕಾದದ್ದಲ್ಲ. ಬೇರೆ ಹೆಣ್ಣುಮಕ್ಕಳನ್ನು ಅದೇ ಆಫೀಸಿಗೆ ಕರೆದುಕೊಂಡು ಹೋಗಿ ಅರ್ಜಿ ಬರೆಸಿದ್ದೇನೆ ಅಂತ ನೀವೇ ಬರೆದಿದ್ದೀರಿ. ಈ ಸಲ ಅರ್ಜಿಯಲ್ಲಿ ನಿಮ್ಮ ಹೆಸರು ಬರೆಯಿರಿ.

ಒರಿಜಿನಲ್ಸ್ ಕೈಗೆ ಬರುವ ತನಕ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಇಂಗ್ಲಿಷ್ ಪರೀಕ್ಷೆಯ ಫೀಸು ಕಟ್ಟಬೇಡಿ, ಯಾರಿಗೂ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಬಂದ ಮೇಲೆ ನನಗೆ ಬರೆಯಿರಿ. ಅನುಭವ ಪತ್ರದಲ್ಲಿ ಏನೇನು ಇರಬೇಕು ಅಂತ ಆಗ ಹೇಳುತ್ತೇನೆ.