ಮನೆ ಕಟ್ಟುವುದನ್ನು ನಿಲ್ಲಿಸಿದ ತಾಯಿ

ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಿಂದ ವೃದ್ಧರ ಆರೈಕೆಯ ಕೆಲಸಕ್ಕೆಂದು ಇಸ್ರೇಲಿಗೆ ಹೋದವರು ಅನೇಕರಿದ್ದಾರೆ. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ನಡೆಸಿದ ದಾಳಿ ಹಾಗೂ ಅದರ ಬೆನ್ನಿಗೇ ಆರಂಭವಾದ ಯುದ್ಧದ ನಂತರ ಅಂಥವರ ತಂದೆತಾಯಂದಿರು ಒಂದೇ ಬಗೆಯ ಸಂಕಟವನ್ನು ಹೊತ್ತು ನನ್ನ ಬಳಿಗೆ ಬರುತ್ತಿರುವುದರಿಂದ, ಅವರಲ್ಲೊಬ್ಬರ ಪ್ರಕರಣವನ್ನು ಗುರುತು ಮರೆಸಿ ಬರೆಯುತ್ತಿದ್ದೇನೆ.

ಆ ತಾಯಿಗೆ ನಿದ್ದೆ ಇರಲಿಲ್ಲ. ಮಗಳು ಕಳುಹಿಸಿದ ಹಣದಿಂದ ಆರಂಭಿಸಿದ್ದ ಮನೆಯ ಕೆಲಸವನ್ನು ನಿಲ್ಲಿಸಿಬಿಟ್ಟಿದ್ದರು. ಅಂಗಳದಲ್ಲಿ ಇಳಿಸಿದ್ದ ಕೆಂಪುಕಲ್ಲಿನ ರಾಶಿಗೆ ಒಂದು ಮಳೆಗಾಲದ ಪಾಚಿ ಹಿಡಿದಿತ್ತು. ಇವೆಲ್ಲ ಅಂತ್ಯಕಾಲದ ಗುರುತುಗಳು, ವಿಶ್ವಾಸಿಗಳು ಅಳಬಾರದು ಎಂದು ಪ್ರಾರ್ಥನಾಕೂಟದಲ್ಲಿ ಯಾರೋ ಹೇಳಿದ ಮೇಲಂತೂ ತಮ್ಮ ಭಯವೇ ಪಾಪವೆಂದು ಅವರು ನಂಬಿದ್ದರು. ಗೆಳೆಯ ಲಾಜರನ ಸಮಾಧಿಯ ಬಳಿ ಯೇಸುವೇ ಕಣ್ಣೀರು ಬಿಟ್ಟದ್ದನ್ನು ಓದಿದವರು ಹೀಗೆ ಹೇಳುವುದು ನನಗೆ ಇಂದಿಗೂ ನೋವಿನ ಸಂಗತಿ.

ಮೂರನೆಯ ಭೇಟಿಯಲ್ಲಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು ಒಟ್ಟಿಗೆ ಓದಿದೆವು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿರುವಾಗ, ತಾನೇ ಸೆರೆಯಲ್ಲಿರುವ ಪ್ರವಾದಿ, ಈ ದೇಶದಲ್ಲಿ ಜನ ಮತ್ತೆ ಮನೆ, ಹೊಲಗಳನ್ನು ಕೊಳ್ಳುವರು ಎಂಬ ದೇವರ ಮಾತನ್ನು ನಂಬಿ, 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಅನಾತೋತಿನ ಹೊಲವೊಂದನ್ನು ಕೊಳ್ಳುತ್ತಾನೆ, ಕ್ರಯಪತ್ರಗಳು ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಆ ತಾಯಿ ಪುಟದ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು: "ಅವನು ಆ ಹೊಲದಲ್ಲಿ ಒಂದು ದಿನವಾದರೂ ಉತ್ತನೇ?"

ಉತ್ತನೆಂದು ಎಲ್ಲಿಯೂ ಬರೆದಿಲ್ಲ, ನಗರ ಬಿದ್ದ ಮೇಲೆ ಅವನ ಜನರೇ ಅವನನ್ನು ಐಗುಪ್ತಕ್ಕೆ ಕರೆದೊಯ್ದರು ಎಂದೆ.

"ಹಾಗಾದರೆ ನನ್ನ ಮಗಳು ಬಂದೇ ಬರುತ್ತಾಳೆಂದು ನೀವು ಹೇಳುವುದಿಲ್ಲ."

"ಹೇಳಲಾರೆ ಅಮ್ಮ."

ಮೂರು ಭೇಟಿಗಳಲ್ಲಿ ಅವರು ಅತ್ತದ್ದು ಅದೇ ಮೊದಲು.

ಒಂದು ಭರವಸೆಯ ಮಾತನ್ನಾದರೂ ಕೊಡಬಾರದಿತ್ತೇ ಎಂದು ಸಭೆಯ ಹಿರಿಯರೊಬ್ಬರು ಆಮೇಲೆ ನನ್ನನ್ನು ಆಕ್ಷೇಪಿಸಿದರು. ದೇವರು ಕೊಡದ ಮಾತನ್ನು ದೇವರ ಹೆಸರಿನಲ್ಲಿ ಕೊಡುವ ಅಧಿಕಾರ ನನಗಿಲ್ಲ. ಮರಣವಾಗಲಿ ಜೀವವಾಗಲಿ ನಮ್ಮನ್ನು ಕ್ರಿಸ್ತನಲ್ಲಿರುವ ದೇವರ ಪ್ರೀತಿಯಿಂದ ಅಗಲಿಸಲಾರದು ಎಂದು ಪೌಲನು ರೋಮಾಪುರದವರಿಗೆ ಬರೆದನೇ ಹೊರತು, ಮರಣ ನಮ್ಮ ಮನೆಯ ಬಾಗಿಲಿಗೆ ಬಾರದು ಎಂದು ಬರೆಯಲಿಲ್ಲ. ಪುನರುತ್ಥಾನದ ಮೇಲೆ ನಿಂತ ನಿರೀಕ್ಷೆಯನ್ನು ಮುಂದಿನ ವಾರದ ಸುದ್ದಿಯ ಮೇಲೆ ತಂದು ನಿಲ್ಲಿಸಿದರೆ, ಸುದ್ದಿ ಕೆಟ್ಟ ದಿನವೇ ಅದು ಕುಸಿಯುತ್ತದೆ. ಹಾಗೆ ಕುಸಿದವರನ್ನು ನಾನು ಕಂಡಿದ್ದೇನೆ.

ನಿದ್ದೆಗಾಗಿ ವೈದ್ಯರನ್ನು ಕಾಣಲು, ಸಂಜೆಯ ಪ್ರಾರ್ಥನೆಯ ನಂತರ ಟಿವಿ ಹಾಕದಿರಲು ಹೇಳಿದೆ. ಮಗಳು ಫೋನ್ ಮಾಡಿದಾಗ ಸೈರನ್ ಎಷ್ಟು ಸಲ ಕೂಗಿತೆಂದು ಕೇಳುವ ಮೊದಲು ಏನು ಉಂಡೆ ಎಂದು ಕೇಳಿ ಎಂದೆ. ಭಯವಾದ ರಾತ್ರಿ, ಕತ್ತಲೆಯ ಮಾತಿನಲ್ಲೇ ಮುಗಿಯುವ 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದುವಂತೆಯೂ, ಮನೆಯ ಗೋಡೆಗೆ ಒಂದು ಸಾಲು ಕಲ್ಲನ್ನಾದರೂ ಕಟ್ಟಿಸುವಂತೆಯೂ ಸಲಹೆ ಕೊಟ್ಟೆ.

ಮಗಳು ಇನ್ನೂ ಅಲ್ಲಿಯೇ ಇದ್ದಾಳೆ. ಅಡುಗೆಮನೆಯ ಕಿಟಕಿ ಬಾವಿಯ ಕಡೆಗೆ ಇರಲಿ ಎಂದು ಅವಳು ಫೋನಿನಲ್ಲಿ ಹೇಳಿದಳಂತೆ. ಮೇಸ್ತ್ರಿ ಆಗಲೇ ಕಟ್ಟಿದ್ದ ಎರಡು ಸಾಲನ್ನು ಬಿಚ್ಚಿ ಕಿಟಕಿಗೆ ಜಾಗ ಬಿಟ್ಟಿದ್ದಾನೆ.