ಒಂಬತ್ತು ಅಂಕದ ಉತ್ತರಪತ್ರಿಕೆ

ಮಾರ್ಚ್ ತಿಂಗಳ ಮಧ್ಯಾಹ್ನ. ವಿದ್ಯಾರ್ಥಿಗಳ ಸಲಹೆಗಾರಳಾದ ನನ್ನ ಕೋಣೆಯೊಳಗೆ ಬಂದ ಹುಡುಗ ಬೆನ್ನಿನ ಚೀಲವನ್ನು ಕೆಳಗಿಡದೆ ಕುರ್ಚಿಯ ತುದಿಯಲ್ಲಿ ಕುಳಿತ. ಹಾಸ್ಟೆಲಿನ ಗೆಳೆಯನೊಬ್ಬ ಬಲವಂತವಾಗಿ ಕಳುಹಿಸಿದ್ದ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಡಿಪ್ಲೊಮಾ ಅಂಕಪಟ್ಟಿಗಳು ಮತ್ತು ಅಂದಿನದೇ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿನ ಟಿಕೆಟ್ ಇದ್ದವು ಎಂದು ನನಗೆ ತಿಳಿದದ್ದು ಅರ್ಧ ಗಂಟೆಯ ನಂತರ. (ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.)

ಯಾದಗಿರಿ ಜಿಲ್ಲೆಯ ಹಳ್ಳಿಯವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ನಂತರ ಮೆಕ್ಯಾನಿಕಲ್ ಡಿಪ್ಲೊಮಾ. ಡಿಪ್ಲೊಮಾದವರ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಕಲಬುರಗಿಯ ಒಂದು ಕಾಲೇಜಿನಲ್ಲಿ ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಸೇರಿದ್ದ. ಸೀಟು ಸಿಕ್ಕಿದ್ದು ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿಯಲ್ಲಿ. ‘ಕೋಟಾದವನು’ ಎಂದು ಅವನನ್ನು ಚುಚ್ಚುತ್ತಿದ್ದವರಲ್ಲಿ ಹೆಚ್ಚಿನವರು ಅದೇ ಪ್ರಮಾಣಪತ್ರ ಕೊಟ್ಟು ಸೇರಿದ ಈ ಭಾಗದ ಹುಡುಗರೇ! ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಗಣಿತದಲ್ಲಿ ಅನುತ್ತೀರ್ಣನಾಗಿದ್ದ. ಮನೆಯಲ್ಲಿ ಪಾಸಾಗಿದ್ದೇನೆ ಎಂದು ಹೇಳಿದ್ದ. ಶರಣಬಸವೇಶ್ವರ ಜಾತ್ರೆಗೆ ಅಪ್ಪ ಊರಿನಿಂದ ಬರುವವರಿದ್ದರು. ತೊಗರಿ ಮಾರಿದ ಹಣದಲ್ಲಿ ಹಾಸ್ಟೆಲ್ ಶುಲ್ಕ ಕಟ್ಟಿದ ಅಪ್ಪ ತೇರಿನ ದಿನ ಅಂಕಪಟ್ಟಿ ಕೇಳಿದರೆ ಏನು ತೋರಿಸುವುದು? ಬೆಂಗಳೂರಿಗೆ ಹೋಗಿ ಕೆಲಸ ಹಿಡಿಯುವ ಯೋಚನೆ, ಅದಕ್ಕೇ ಟಿಕೆಟ್.

ಮೊದಲು ಕೇಳಲೇಬೇಕಾದದ್ದನ್ನು ಕೇಳಿದೆ. ಸಾಯುವ ಯೋಚನೆ ಬಂದಿದೆಯೇ ಎಂದು ಸುತ್ತಿ ಬಳಸದೆ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಅವನು ನನ್ನನ್ನು ನೇರವಾಗಿ ನೋಡಿ, ಇಲ್ಲ, ಓಡಿಹೋಗಬೇಕು ಅನಿಸಿದೆ ಅಷ್ಟೇ ಎಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಲು ಹೇಳಿದೆ. ಅಪ್ಪ ಬಂದು ಹೋಗುವವರೆಗೆ ಒಂಟಿಯಾಗಿ ಮಲಗಬಾರದು, ಆ ಗೆಳೆಯನ ಕೋಣೆಯಲ್ಲೇ ಇರಬೇಕು ಎಂದು ಒಪ್ಪಿಸಿದೆ. ಟಿಕೆಟ್ ರದ್ದಾಯಿತು.

ಏಕೆ ಹೀಗಾಯಿತು ಎಂದು ಕೇಳಿದಾಗ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: ‘ನಾನು ಕನ್ನಡ ಮಾಧ್ಯಮದವನು, ಮೇಡಂ. ಪಾಠ ತಲೆಗೆ ಹತ್ತುವುದಿಲ್ಲ.’ ನಾನೂ ಅದೇ ಹಳ್ಳಕ್ಕೆ ಬಿದ್ದೆ. ಪಾರಿಭಾಷಿಕ ಪದಗಳ ಪಟ್ಟಿ ಮಾಡು, ದಿನಕ್ಕೊಂದು ಪುಟ ಇಂಗ್ಲಿಷ್ ಓದು ಎಂದು ನಮ್ಮ ಬಳಿ ಯಾವಾಗಲೂ ಸಿದ್ಧವಾಗಿರುವ ಸಲಹೆಯನ್ನು ಕೊಟ್ಟು ಕಳುಹಿಸಿದೆ. ಎರಡು ವಾರ ಹಾಳಾದವು. ಪಟ್ಟಿ ಮಾಡಿಕೊಂಡು ಬಂದ, ಮುಖ ಮಾತ್ರ ಮೊದಲಿಗಿಂತ ಸಪ್ಪಗಿತ್ತು.

ಉತ್ತರಪತ್ರಿಕೆಯ ನಕಲು ಪ್ರತಿ ತರಿಸೋಣ ಎಂಬ ಯೋಚನೆ ಆಗ ಹೊಳೆಯಿತು. ಶುಲ್ಕ ಕಟ್ಟಿದರೆ ವಿಶ್ವವಿದ್ಯಾಲಯ ಕೊಡುತ್ತದೆ. ಮರುಮೌಲ್ಯಮಾಪನದ ಆಸೆ ಇರುವವರು ಮಾತ್ರ ತರಿಸುತ್ತಾರೆ. ಸೋತವನು ತನ್ನ ಸೋಲನ್ನು ಓದಲಿಕ್ಕೆಂದು ತರಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಆ ಗಣಿತ ಬಾರದು. ನಿವೃತ್ತ ಉಪನ್ಯಾಸಕರೊಬ್ಬರನ್ನು ಕೂರಿಸಿಕೊಂಡು ಮೂವರೂ ಒಂದೊಂದೇ ಪುಟ ತಿರುಗಿಸಿದೆವು.

ಫೋರಿಯರ್ ಶ್ರೇಣಿಯ ಪ್ರಶ್ನೆಯನ್ನು ಅವನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದ. ಅವಧಿ ಸರಿ, ಸೂತ್ರ ಸರಿ, ಸಮ ಉತ್ಪನ್ನ (ಈವನ್ ಫಂಕ್ಷನ್) ಎಂಬ ಗುರುತೂ ಸರಿ. ಯಾರೂ ಕೇಳದಿದ್ದರೂ ವಕ್ರರೇಖೆಯನ್ನು ಎಂಜಿನಿಯರಿಂಗ್ ಡ್ರಾಯಿಂಗ್‌ನಷ್ಟು ಅಚ್ಚುಕಟ್ಟಾಗಿ ಬರೆದಿದ್ದ. ಎಡವಿದ್ದು ಅದರ ನಂತರ, ಭಾಗಶಃ ಅನುಕಲನದಲ್ಲಿ (ಇಂಟಿಗ್ರೇಷನ್ ಬೈ ಪಾರ್ಟ್ಸ್). ಎರಡನೆಯ ಸಾಲಿಗೆ ಚಿಹ್ನೆ ಅದಲುಬದಲು. ಕಾಸ್ ಎನ್-ಪೈ ಬೆಲೆ ಎಲ್ಲೆಡೆ 1. ಎನ್ ಬೆಸವಾದಾಗ ಅದು ಋಣ 1 ಆಗಬೇಕು. ಅವಕಲ ಸಮೀಕರಣದ ಪ್ರಶ್ನೆಯೂ ಅದೇ ಜಾಗದಲ್ಲಿ ಕುಸಿದಿತ್ತು. ಉಪನ್ಯಾಸಕರು ಕನ್ನಡಕ ತೆಗೆದು, ‘ಇವನಿಗೆ ಇಂಗ್ಲಿಷ್ ಬರುತ್ತದೆ, ಇಂಟಿಗ್ರೇಷನ್ ಬರುವುದಿಲ್ಲ’ ಎಂದರು.

ಬಂದೀತಾದರೂ ಹೇಗೆ? ಪಿಯುಸಿ ಮುಗಿಸಿ ಬಂದವರು ಎರಡು ವರ್ಷ ಕಲನಶಾಸ್ತ್ರ ತಿದ್ದಿ, ಅದರ ಮೇಲೆ ಎಂಜಿನಿಯರಿಂಗ್ ಮೊದಲ ವರ್ಷದ ಗಣಿತವನ್ನೂ ಮುಗಿಸಿ ಆ ಬೆಂಚಿಗೆ ತಲುಪಿರುತ್ತಾರೆ. ಡಿಪ್ಲೊಮಾದವನು ಆ ಮೊದಲ ವರ್ಷವನ್ನೇ ಓದದೆ ನೇರವಾಗಿ ಬಂದಿರುತ್ತಾನೆ. ಲೇತ್ ಮುಂದೆ ನಿಲ್ಲಿಸಿದರೆ ಅವನೇ ಮುಂದು, ಅನುಕಲನದ ಮುಂದೆ ನಿಲ್ಲಿಸಿದರೆ ಹಿಂದು. ಇದಕ್ಕೂ ಮಾಧ್ಯಮಕ್ಕೂ ಸಂಬಂಧವಿಲ್ಲ. ಆದರೆ ‘ಕನ್ನಡ ಮಾಧ್ಯಮ’ ಎಂಬ ಕಾರಣವನ್ನು ಶಿಕ್ಷಕರು, ನೆಂಟರು, ಕೊನೆಗೆ ನನ್ನಂಥ ಸಲಹೆಗಾರರು ಈ ಮಕ್ಕಳ ಕೈಗೆ ಎಷ್ಟು ಸಲೀಸಾಗಿ ಕೊಟ್ಟುಬಿಡುತ್ತೇವೆಂದರೆ, ಅವರು ಬೇರೆ ಕಾರಣ ಹುಡುಕುವುದನ್ನೇ ಬಿಡುತ್ತಾರೆ.

ಆಮೇಲೆ ಲೆಕ್ಕ ಹಾಕಿದೆವು. ಆಂತರಿಕ ಮೌಲ್ಯಮಾಪನದ 50ರಲ್ಲಿ 31 ಇತ್ತು, ಅದು ಹಾಗೆಯೇ ಉಳಿಯುತ್ತದೆ. ಸೆಮಿಸ್ಟರ್ ಪರೀಕ್ಷೆಯ 50ರಲ್ಲಿ 18 ಬೇಕಿತ್ತು, ಬಂದದ್ದು 9. ಬರೆಯುವುದು ನೂರು ಅಂಕದ ಪತ್ರಿಕೆ, ಆದ್ದರಿಂದ ನೂರಕ್ಕೆ 35 ಗಳಿಸಿದರೆ ಸಾಕು. ಐದು ಮಾಡ್ಯೂಲ್, ಒಂದೊಂದಕ್ಕೂ 20 ಅಂಕ. ಎರಡನ್ನು ಗಟ್ಟಿ ಮಾಡಿ ಮೂರನೆಯದರಲ್ಲಿ ಅರ್ಧ ಬರೆದರೂ ದಡ ಸೇರಬಹುದು. ಈ ಸರಳ ಕೂಡುವ ಲೆಕ್ಕವನ್ನು ಅವನು ಒಮ್ಮೆಯೂ ಮಾಡಿರಲಿಲ್ಲ. ಭಯದಲ್ಲಿರುವವನಿಗೆ ನೂರು ಅಂಕವೂ ಒಂದೇ ಗುಡ್ಡದಂತೆ ಕಾಣುತ್ತದೆ. ಮೊದಲ ತಿಂಗಳು ಸೆಮಿಸ್ಟರ್ ಪುಸ್ತಕವನ್ನು ಮುಟ್ಟಬೇಡ, ದ್ವಿತೀಯ ಪಿಯುಸಿಯ ಅನುಕಲನ ಅಧ್ಯಾಯವನ್ನಷ್ಟೇ ಮಾಡು, ದಿನಕ್ಕೆ ಹತ್ತು ಲೆಕ್ಕ, ಅರ್ಥವಾಗದ್ದನ್ನು ಕನ್ನಡದಲ್ಲೇ ಕೇಳು ಎಂದು ಉಪನ್ಯಾಸಕರು ಹೇಳಿದರು.

ಇದೆಲ್ಲದರ ನಡುವೆ ಜಾತ್ರೆಯೂ ಬಂದು ಹೋಗಿತ್ತು. ಅಪ್ಪನಿಗೆ ಹೇಳುವುದನ್ನು ಫೋನಿನಲ್ಲಿ ಮುಗಿಸಬೇಡ, ಜಾತ್ರೆಯ ಗದ್ದಲದಲ್ಲಿಯೂ ಬೇಡ, ಹಾಸ್ಟೆಲ್ ಕೋಣೆಗೆ ಕರೆದುಕೊಂಡು ಹೋಗಿ ಅಂಕಪಟ್ಟಿಯನ್ನು ಕೈಯಲ್ಲಿಟ್ಟು ಹೇಳು ಎಂದಿದ್ದೆ. ಕ್ಷಮಿಸಿ ಎನ್ನುವುದಕ್ಕಿಂತ ಮೊದಲು ‘ಸುಳ್ಳು ಹೇಳಿದ್ದೆ’ ಎನ್ನಬೇಕು ಎಂದೂ ಸೇರಿಸಿದ್ದೆ. ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲವಂತೆ. ಆಮೇಲೆ, ಮತ್ತೆ ಬರೆಯಲು ಎಷ್ಟು ಕಟ್ಟಬೇಕು ಎಂದು ಕೇಳಿ, ಒಳಜೇಬಿನಿಂದ ನೋಟು ತೆಗೆದು ಎಣಿಸಿ ಕೊಟ್ಟು ತೇರು ನೋಡಲು ಹೋದರಂತೆ.

ಬೆಂಗಳೂರಿನ ಕೆಲಸದ ಬಗ್ಗೆ ನಾನು ತಡೆಯುವ ಮಾತನಾಡಲಿಲ್ಲ. ಡಿಪ್ಲೊಮಾ ಹಿಡಿದು ಪೀಣ್ಯದಲ್ಲಿ ದುಡಿಯುವುದು ಮರ್ಯಾದೆಯ ಬದುಕೇ. ಆ ತೀರ್ಮಾನವನ್ನು ಮರುಪರೀಕ್ಷೆಯ ನಂತರ, ಮನೆಯವರಿಗೆ ತಿಳಿಸಿ ತೆಗೆದುಕೊ ಎಂದೆ.

ಮರುಪರೀಕ್ಷೆಯಲ್ಲಿ ಗಣಿತಕ್ಕೆ 50ರಲ್ಲಿ 23 ಬಂತು. ನಾಲ್ಕನೇ ಸೆಮಿಸ್ಟರ್‌ನ ಇನ್ನೊಂದು ವಿಷಯ ಕೈಕೊಟ್ಟಿತು. ಫಲಿತಾಂಶದ ಮರುವಾರ ಅವನು ಕರೆಯದೆಯೇ ಬಂದ. ಚೀಲ ಕೆಳಗಿಟ್ಟು, ಆ ವಿಷಯದ ಉತ್ತರಪತ್ರಿಕೆಯ ಮುದ್ರಿತ ನಕಲನ್ನು ಮೇಜಿನ ಮೇಲೆ ಹರಡಿದ. ಕೆಂಪು ಶಾಯಿಯಲ್ಲಿ ತಾನೇ ಸುತ್ತು ಹಾಕಿದ್ದ ಜಾಗಗಳನ್ನು ತೋರಿಸಿ, ‘ಮೂರನೇ ಮಾಡ್ಯೂಲ್ ಮಾತ್ರ, ಮೇಡಂ. ಆ ಸರ್ ಇಂದು ಬರುತ್ತಾರೆಯೇ?’ ಎಂದ.